ಚಲನೆ ಎಲ್ಲಿ ನಿಂತಿತು? ಹಳೆಯ ಕಾರಿನ ಡೋರ್ ಲಾಕ್ ದುರಸ್ತಿಯಿಂದ ಒಂದು ವಿಜ್ಞಾನ ಪಾಠ

ಕುಕ್ಕುವಾಡದ ಸುತ್ತ ಭದ್ರಾ ನಾಲೆಯ ನೀರುಣ್ಣುವ ಭತ್ತದ ಗದ್ದೆಗಳಿವೆ, ಊರಿನ ಬಳಿ ಸಕ್ಕರೆ ಕಾರ್ಖಾನೆಯಿದೆ. ಕಬ್ಬಿನ ಹಂಗಾಮು ಶುರುವಾದರೆ ರಸ್ತೆಯ ತುಂಬ ಟ್ರ್ಯಾಕ್ಟರ್, ಅದರ ಹಿಂದೆ ದೂಳು. ಈ ಭಾಗದ ಮನೆಗಳಲ್ಲಿ ಹಳೆಯ ಕಾರುಗಳು ಅಪರೂಪವಲ್ಲ. 1983ರ ಕೊನೆಯಲ್ಲಿ ಬಂದು 2014ರ ಆರಂಭದವರೆಗೆ ತಯಾರಾದ ಮಾರುತಿ 800 ಈಗಲೂ ರಸ್ತೆಯಲ್ಲಿ ಕಾಣಸಿಗುತ್ತದೆ. ಇಂಜಿನ್ ಕೆಟ್ಟರೆ ಅದೇ ದಿನ ಗ್ಯಾರೇಜಿಗೆ ಓಡುವ ನಾವು, ಬಾಗಿಲಿನ ಲಾಕ್ ಕೆಟ್ಟರೆ ಮಾತ್ರ "ಆ ಕಡೆಯಿಂದ ಇಳೀರಿ" ಎಂದು ವರ್ಷಗಟ್ಟಲೆ ತಳ್ಳುತ್ತೇವೆ.

ಆದರೆ ಹಿಂದಿನ ಸೀಟಿನಲ್ಲಿ ಕೂರುವವರು ಹೆಚ್ಚಾಗಿ ಮಕ್ಕಳು. ಬಿಸಿಲಲ್ಲಿ ನಿಲ್ಲಿಸಿ ಗಾಜು ಏರಿಸಿದ ಕಾರಿನ ಒಳಗಿನ ಉಷ್ಣತೆ ಅರ್ಧ ಗಂಟೆಯಲ್ಲೇ ಹೊರಗಿನದಕ್ಕಿಂತ 15 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಏರಬಲ್ಲದು. ಒಳಗಿನಿಂದ ತೆರೆಯದ ಬಾಗಿಲು ಆಗ ಸಣ್ಣ ದೋಷವಲ್ಲ. ನಮ್ಮ ಮನೆಯ ಹಳೆಯ ಕಾರಿನ ಹಿಂದಿನ ಎಡಬಾಗಿಲು ಹೀಗೆಯೇ ಇತ್ತು. ಅದನ್ನು ಸರಿಪಡಿಸಲು ಅನುಸರಿಸಿದ ಕ್ರಮವನ್ನು ಅಭ್ಯಾಸ ಬೋಧನೆಯಲ್ಲಿ ಹತ್ತನೇ ತರಗತಿಯ ಒಂದು ಚಟುವಟಿಕೆಯಾಗಿ ಬಳಸಿದೆ. ಆ ಕ್ರಮವನ್ನೂ ಅದರ ಬೋಧನಾ ಉಪಯೋಗವನ್ನೂ ಇಲ್ಲಿ ವಿವರಿಸಿದ್ದೇನೆ.

ರಚನೆ ಮತ್ತು ಕಾರ್ಯ

ಬಾಗಿಲು ಕೂರುವ ಕಂಬದಲ್ಲಿ ಕಬ್ಬಿಣದ ಒಂದು ಗೂಟ ಅಥವಾ ಕೊಂಡಿ ಇರುತ್ತದೆ. ಬಾಗಿಲಿನ ಅಂಚಿನಲ್ಲಿರುವ ಲಾಕ್‌ನಲ್ಲಿ ಕವಲೊಡೆದ ಒಂದು ತುಂಡು ತಿರುಗಿ ಆ ಕೊಂಡಿಯನ್ನು ಹಿಡಿಯುತ್ತದೆ. ಹಿಡಿದ ಕವಲು ಹಿಂದಕ್ಕೆ ತಿರುಗದಂತೆ ಸ್ಪ್ರಿಂಗ್ ಇರುವ ಒಂದು ನಾಲಿಗೆ ತಡೆಯುತ್ತದೆ. ಹ್ಯಾಂಡಲ್ ಎಳೆದಾಗ ರಾಡ್ ಚಲಿಸಿ ನಾಲಿಗೆಯನ್ನು ಎತ್ತುತ್ತದೆ, ಕವಲು ಬಿಡುತ್ತದೆ. ಒಳ ಹ್ಯಾಂಡಲ್‌ಗೆ ಒಂದು ರಾಡ್, ಹೊರ ಹ್ಯಾಂಡಲ್‌ಗೆ ಇನ್ನೊಂದು. ಇವೆಲ್ಲ ಒಂದಕ್ಕೊಂದು ಪೋಣಿಸಿದ ಸನ್ನೆಗಳು.

ಗುಂಡಿ ಒತ್ತಿ ಲಾಕ್ ಮಾಡಿದಾಗ ಹ್ಯಾಂಡಲ್‌ಗೂ ನಾಲಿಗೆಗೂ ಇರುವ ಸಂಬಂಧ ತಪ್ಪುತ್ತದೆ. ಹ್ಯಾಂಡಲ್ ಆಡಿದರೂ ನಾಲಿಗೆ ಏಳುವುದಿಲ್ಲ. ಹಿಂದಿನ ಬಾಗಿಲಿನ ಅಂಚಿನಲ್ಲಿರುವ ಚೈಲ್ಡ್ ಲಾಕ್ ಒಳ ಹ್ಯಾಂಡಲ್‌ನ ಸಂಬಂಧವನ್ನು ಮಾತ್ರ ತಪ್ಪಿಸುತ್ತದೆ.

ದೋಷ ಪತ್ತೆಯ ಕ್ರಮ

ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಕೈಯಿಂದ ಹೊರಟ ಚಲನೆ ಎಲ್ಲಿ ನಿಂತಿತು?

1. ಹೊರಗಿನಿಂದ ತೆರೆಯುತ್ತದೆ, ಒಳಗಿನಿಂದ ಇಲ್ಲ. ಹಾಗಾದರೆ ಕವಲು, ನಾಲಿಗೆ ಸರಿಯಾಗಿವೆ. ಮೊದಲು ಚೈಲ್ಡ್ ಲಾಕ್ ನೋಡಬೇಕು. ಅದು ತೆರೆದಿದ್ದರೆ ದೋಷ ಒಳ ರಾಡ್ ಅಥವಾ ಅದರ ಪ್ಲಾಸ್ಟಿಕ್ ಕ್ಲಿಪ್‌ನಲ್ಲಿದೆ.
2. ಎರಡೂ ಕಡೆಯಿಂದ ತೆರೆಯುವುದಿಲ್ಲ. ಲಾಕ್ ಗುಂಡಿ ಪೂರ್ತಿ ಮೇಲೆ ಬರುತ್ತಿಲ್ಲ, ಇಲ್ಲವೇ ನಾಲಿಗೆ ಬಿಗಿದುಕೊಂಡಿದೆ.
3. ಬಾಗಿಲು ಹಾಕಿದರೂ ಹಿಡಿಯುವುದಿಲ್ಲ. ದೂಳು ಸೇರಿ ಗಟ್ಟಿಯಾದ ಗ್ರೀಸಿನಲ್ಲಿ ನಾಲಿಗೆ ಸಿಕ್ಕಿದೆ ಅಥವಾ ಸ್ಪ್ರಿಂಗ್ ಸೋತಿದೆ.
4. ಗುಂಡಿ ಕೈಯಲ್ಲಿ ಆಡುತ್ತದೆ, ಸೆಂಟ್ರಲ್ ಲಾಕ್‌ಗೆ ಆಡುವುದಿಲ್ಲ. ದೋಷ ವಿದ್ಯುತ್ ಭಾಗದ್ದು. ನಾಲ್ಕೂ ಬಾಗಿಲು ಹೀಗಿದ್ದರೆ ಫ್ಯೂಸ್‌ನಿಂದ ಶುರುಮಾಡಬೇಕು; ಒಂದೇ ಬಾಗಿಲಾದರೆ ಆ ಬಾಗಿಲಿನ ವೈರ್ ಮತ್ತು ಮೋಟಾರ್.

ದುರಸ್ತಿ

ಡೋರ್ ಪ್ಯಾಡ್ ತೆಗೆಯಲು ಮೊದಲು ಗಾಜು ಏರಿಸುವ ಹಿಡಿ ಬಿಚ್ಚಬೇಕು. ಅನೇಕ ಹಳೆಯ ಕಾರುಗಳಲ್ಲಿ ಅದನ್ನು ಹಿಡಿದಿರುವುದು ಹಿಂಬದಿಯ ಒಂದು ತಂತಿ ಕ್ಲಿಪ್. ಹಿಡಿಯ ಹಿಂದೆ ಬಟ್ಟೆಯ ಪಟ್ಟಿ ಸೇರಿಸಿ ಅತ್ತಿತ್ತ ಎಳೆದರೆ ಕ್ಲಿಪ್ ಹೊರಬರುತ್ತದೆ. ಪ್ಯಾಡ್ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಹರಿಯದೆ ಬಿಡಿಸಿ, ಕೊನೆಗೆ ಮತ್ತೆ ಅಂಟಿಸಬೇಕು. ಮಳೆನೀರು ಒಳಗೆ ಬರದಂತೆ ತಡೆಯುವುದು ಅದೇ. ಒಳಗಿನ ತಗಡಿನ ಅಂಚು ಚೂಪಾಗಿರುವುದರಿಂದ ಕೈಗವಸು ಬೇಕು.

ನಮ್ಮ ಕಾರಿನಲ್ಲಿ ಸಿಕ್ಕಿದ್ದು ಮುರಿದ ಒಂದು ಪ್ಲಾಸ್ಟಿಕ್ ಕ್ಲಿಪ್. ರಾಡ್ ಅದರಿಂದ ಕಳಚಿ ಕೆಳಗೆ ಬಿದ್ದಿತ್ತು. ಹೊಸ ಕ್ಲಿಪ್ ಹಾಕಿ, ಹಳೆಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಬ್ರಷ್‌ನಿಂದ ತೊಳೆದು, ಒಣಗಿದ ಮೇಲೆ ಸ್ವಲ್ಪವೇ ಹೊಸ ಗ್ರೀಸ್ ಹಚ್ಚಿದ್ದಾಯಿತು. ಕೀ ರಂಧ್ರಕ್ಕೆ ಮಾತ್ರ ಗ್ರೀಸ್ ಬೇಡ, ದೂಳು ಹಿಡಿಯುತ್ತದೆ. ಅಲ್ಲಿಗೆ ಗ್ರಾಫೈಟ್ ಪುಡಿ ಸಾಕು. ಅದರ ಪದರಗಳು ಒಂದರ ಮೇಲೊಂದು ಜಾರುತ್ತವೆ.

ಬಾಗಿಲು ಹಾಕಿ ಪರೀಕ್ಷಿಸುವ ಮೊದಲು ತೆರೆದ ಬಾಗಿಲಿನಲ್ಲೇ ಸ್ಕ್ರೂಡ್ರೈವರ್‌ನಿಂದ ಕವಲನ್ನು ತಿರುಗಿಸಿ ಹಿಡಿಸಬೇಕು, ನಂತರ ಎರಡೂ ಹ್ಯಾಂಡಲ್ ಎಳೆದು ಬಿಡುತ್ತದೆಯೇ ನೋಡಬೇಕು. ಬಿಡದೇ ಹೋದರೆ ಬಾಗಿಲು ಇನ್ನೂ ತೆರೆದೇ ಇರುತ್ತದೆ, ಕೈ ಹಾಕಿ ಸರಿಪಡಿಸಬಹುದು.

ಸೆಂಟ್ರಲ್ ಲಾಕ್‌ನ ಮೋಟಾರ್ 12 ವೋಲ್ಟ್ ನೇರ ವಿದ್ಯುತ್ತಿನದು. ಪ್ರವಾಹದ ದಿಕ್ಕು ಬದಲಾದರೆ ಅದು ತಿರುಗುವ ದಿಕ್ಕೂ ಬದಲಾಗುತ್ತದೆ. ಒಂದು ದಿಕ್ಕು ಲಾಕ್, ಇನ್ನೊಂದು ಅನ್‌ಲಾಕ್. ಮೋಟಾರಿನ ಎರಡು ವೈರುಗಳಿಗೆ 12 ವೋಲ್ಟ್ ಬಲ್ಬ್ ಜೋಡಿಸಿ ಸ್ವಿಚ್ ಒತ್ತಬೇಕು. ಬಲ್ಬ್ ಕ್ಷಣಕಾಲ ಮಿಂಚಿದರೆ ಮೋಟಾರ್ ಹೋಗಿದೆ. ಮಿಂಚದಿದ್ದರೆ, ಬಾಗಿಲಿಗೂ ಕಂಬಕ್ಕೂ ನಡುವಿನ ರಬ್ಬರ್ ಕೊಳವೆಯೊಳಗೆ ನೋಡಬೇಕು. ಬಾಗಿಲು ತೆರೆದು ಮುಚ್ಚಿದಂತೆಲ್ಲ ಮಡಚುವ ವೈರ್ ತುಂಡಾಗುವುದು ಹೆಚ್ಚಾಗಿ ಅಲ್ಲೇ.

ತರಗತಿಯಲ್ಲಿ

ಗುಜರಿ ಅಂಗಡಿಯಿಂದ ತಂದ ಒಂದು ಹಳೆಯ ಲಾಕ್, ಒಂದು ಸ್ಕ್ರೂಡ್ರೈವರ್, ಒಂದು ಸಣ್ಣ ಮೋಟಾರ್ ಮತ್ತು ಬ್ಯಾಟರಿ ಇಷ್ಟೇ ಬೋಧನೋಪಕರಣಗಳು. ಮೋಟಾರ್ ಭಾಗ 'ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮಗಳು' ಘಟಕಕ್ಕೂ, ಗ್ರಾಫೈಟ್ ಕಾರ್ಬನ್ ಘಟಕಕ್ಕೂ ಹೊಂದುತ್ತದೆ. ಭಾಗಗಳ ಹೆಸರು ಹೇಳುವ ಬದಲು, "ಒಳಗಿನಿಂದ ತೆರೆಯದ ಬಾಗಿಲು ಇದೆ, ಮೊದಲು ಏನು ಕೇಳುತ್ತೀರಿ?" ಎಂದು ಶುರುಮಾಡಿದೆ. ಪಾಠದ ವೇಳೆ ಹೆಚ್ಚು ಮಾತಾಡದ ಒಬ್ಬ ಹುಡುಗ ಎದ್ದು, "ಸರ್, ಹೊರಗಿಂದ ತೆಗೆದ್ರೆ ಬರ್ತೈತಾ?" ಎಂದ. ದೋಷ ಪತ್ತೆಯ ಅರ್ಧ ಕೆಲಸ ಆ ಒಂದು ಪ್ರಶ್ನೆಯಲ್ಲಿ ಮುಗಿದಿತ್ತು. ರಜೆಯಲ್ಲಿ ಅವನು ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾನೆಂದು ಅವನ ಗೆಳೆಯರು ಹೇಳಿದರು.

ಶಾಲೆಯ ಹೊರಗಿನ ಬದುಕಿಗೆ ಜ್ಞಾನವನ್ನು ಜೋಡಿಸಬೇಕೆಂದು ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005 ಹೇಳುತ್ತದೆ. ಪಾಠಯೋಜನೆಯಲ್ಲಿ 'ಪೂರ್ವಜ್ಞಾನ' ಎಂಬ ಅಂಕಣದಲ್ಲಿ ನಾವು ಸಾಮಾನ್ಯವಾಗಿ ಬರೆಯುವುದು ಹಿಂದಿನ ತರಗತಿಯ ಪಾಠವನ್ನು. ಗ್ಯಾರೇಜ್, ಪಂಪ್‌ಸೆಟ್, ಟ್ರ್ಯಾಕ್ಟರ್‌ಗಳಿಂದ ಮಗು ತರುವ ತಿಳಿವಳಿಕೆಗೂ ಅಲ್ಲಿ ಜಾಗ ಬೇಕು. ಮೌಲ್ಯಮಾಪನಕ್ಕೆ ಮೇಲಿನ ನಾಲ್ಕು ಲಕ್ಷಣಗಳಲ್ಲಿ ಒಂದನ್ನು ಕೊಟ್ಟು, "ಯಾವ ಭಾಗ ಸರಿಯಿದೆ ಎಂದು ಖಚಿತವಾಗಿ ಹೇಳಬಹುದು? ಹೇಗೆ?" ಎಂದು ಕೇಳಿದರೆ ಕಂಠಪಾಠದ ಉತ್ತರ ಬರುವುದಿಲ್ಲ.

ಈ ಪಾಠ ಮಾಡುವವರು ಕೊನೆಯ ಐದು ನಿಮಿಷ ಇನ್ನೊಂದಕ್ಕೆ ಇಟ್ಟುಕೊಳ್ಳಿ. ಕಾರಿನೊಳಗೆ ಸಿಕ್ಕಿಕೊಂಡರೆ ಗುಂಡಿಯನ್ನು ಕೈಯಿಂದ ಮೇಲೆತ್ತಬೇಕು, ಹಿಂದಿನ ಬಾಗಿಲು ತೆರೆಯದಿದ್ದರೆ ಚೈಲ್ಡ್ ಲಾಕ್ ಇಲ್ಲದ ಮುಂದಿನ ಬಾಗಿಲಿಗೆ ದಾಟಬೇಕು, ಹಾರ್ನ್ ಒತ್ತುತ್ತಿರಬೇಕು. ಇದನ್ನು ಮಕ್ಕಳಿಂದಲೇ ಹೇಳಿಸಿ, ಮನೆಯಲ್ಲಿ ತಮ್ಮ ತಂಗಿಯರಿಗೂ ತೋರಿಸಲು ಹೇಳಿ.