ಓಡುವಾಗ ತಣ್ಣಗೆ, ನಿಂತರೆ ಕುದಿತ: ಹಳೇ ಜೀಪಿನ ಬಿಸಿಗೆ ಕಾರಣ ಹುಡುಕೋದು ಹೇಗೆ?

ಕಾಫಿ ಕೊಯ್ಲು ಶುರುವಾಯ್ತು ಅಂದ್ರೆ ಮಲೆನಾಡಿನ ತೋಟಗಳಲ್ಲಿ ಹಳೇ ಜೀಪುಗಳಿಗೆ ಪುರುಸೊತ್ತೇ ಇರಲ್ಲ. ಹೊಸ ಪಿಕಪ್ ಹೋಗದ ಜಾರು ದಾರಿಗೆ ಇವತ್ತಿಗೂ ಅವೇ ಗತಿ. ಈ ಗಾಡಿಗಳಲ್ಲಿ ಪದೇ ಪದೇ ಕೇಳಿಬರುವ ದೂರು ಒಂದಿದೆ: ರಸ್ತೆಯಲ್ಲಿ ಓಡುವಾಗ ಮೀಟರಿನ ಮುಳ್ಳು ಅರ್ಧದಲ್ಲೇ ಇರುತ್ತೆ, ಕಣದಲ್ಲಿ ಚೀಲ ಇಳಿಸೋಕೆ ಎಂಜಿನ್ ಆನ್‌ನಲ್ಲೇ ಇಟ್ಟು ಹತ್ತು ನಿಮಿಷ ನಿಲ್ಲಿಸಿದರೆ ಸೀದಾ ಕೆಂಪಿಗೆ ಹೋಗುತ್ತೆ. ಬ್ಯಾಟರಿ ವೀಕ್ ಇದೆ, ಆಫ್ ಮಾಡಿದರೆ ತಳ್ಳಬೇಕಾಗುತ್ತೆ ಅಂತ ಎಷ್ಟೋ ಜನ ಆಫ್ ಕೂಡ ಮಾಡಲ್ಲ.

ನಮ್ಮ ಮನೆಯಲ್ಲಿರೋದು ಅಪ್ಪನ ಕಾಲದ ಮಹೀಂದ್ರ ಎಂಎಂ 540. ಪೂಜೋ ಕಂಪನಿಯ ವಿನ್ಯಾಸದ 2112 ಸಿಸಿ ಡೀಸೆಲ್ ಎಂಜಿನ್. ಅದಕ್ಕೂ ಇದೇ ಕಾಯಿಲೆ ಬಂತು. ತೋರಿಸಿದ ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ ಎರಡೇ ನಿಮಿಷಕ್ಕೆ ತೀರ್ಪು ಕೊಟ್ಟರು: "ಹೆಡ್ ಗ್ಯಾಸ್ಕೆಟ್ ಹೋಗಿದೆ ಅಣ್ಣಾ, ಹೆಡ್ ಬಿಚ್ಚಲೇಬೇಕು. ಒಂದು ವಾರ ಗಾಡಿ ಬಿಡಿ, ಇಪ್ಪತ್ತು ಸಾವಿರ ಇಟ್ಕೊಂಡಿರಿ." ಕೊಯ್ಲಿನ ಮಧ್ಯೆ ಒಂದು ವಾರ ಜೀಪು ಇಲ್ಲ ಅಂದ್ರೆ ಹಣ್ಣು ಹೊರೋದು ಯಾರು? "ಎರಡು ದಿನ ಬಿಟ್ಟು ಹೇಳ್ತೀನಿ" ಅಂತ ಗಾಡಿ ವಾಪಸ್ ತಂದೆ. ಆ ಎರಡು ದಿನದಲ್ಲಿ ನಾನು ಏನೇನು ನೋಡಿದೆ, ಯಾಕೆ ನೋಡಿದೆ ಅನ್ನೋದೇ ಈ ವಾರದ ಲೇಖನ.

ಮೊದಲು ಲೆಕ್ಕ, ಆಮೇಲೆ ಸ್ಪ್ಯಾನರ್

ಒಂದು ವಿಷಯ ತಲೆಯಲ್ಲಿರಲಿ. ಎಂಜಿನ್ ಅತಿ ಹೆಚ್ಚು ಶಾಖ ಹುಟ್ಟಿಸೋದು ಲೋಡ್ ಎಳೆಯುವಾಗ, ನಿಂತಿರುವಾಗ ಅಲ್ಲ. ಅದರಲ್ಲೂ ಡೀಸೆಲ್ ಎಂಜಿನ್ ಸ್ಲೋ ರನ್ನಿಂಗ್‌ನಲ್ಲಿ ಕುಡಿಯೋದೇ ಚೂರು ಡೀಸೆಲ್. ಚಳಿಗಾಲದ ಬೆಳಿಗ್ಗೆ ಸುಮ್ಮನೆ ಸ್ಟಾರ್ಟ್ ಮಾಡಿ ನಿಲ್ಲಿಸಿದರೆ ಅದು ಬೆಚ್ಚಗಾಗೋಕೇ ಎಷ್ಟು ಹೊತ್ತು ಬೇಕು ನೋಡಿ. ಹೆಚ್ಚು ಶಾಖ ಇರುವಾಗ ತಣ್ಣಗಿದ್ದು, ಕಮ್ಮಿ ಶಾಖ ಇರುವಾಗ ಕುದಿಯುತ್ತೆ ಅಂದ್ರೆ ಎಂಜಿನ್ ಅತಿಯಾಗಿ ಶಾಖ ಹುಟ್ಟಿಸ್ತಿದೆ ಅಂತಲ್ಲ, ಹುಟ್ಟಿದ ಶಾಖ ಹೊರಗೆ ಹೋಗ್ತಿಲ್ಲ ಅಂತ.

ಓಡುವಾಗ ಎದುರುಗಾಳಿ ತಾನೇ ರೇಡಿಯೇಟರಿಗೆ ನುಗ್ಗುತ್ತೆ. ನಿಂತಾಗ ಗಾಳಿ ಎಳೆಯೋದು ಫ್ಯಾನ್ ಒಂದೇ. ವಾಟರ್ ಪಂಪ್ ಕೂಡ ಆಗ ನಿಧಾನ. ಹಾಗಾಗಿ ಅನುಮಾನ ಮೊದಲು ಗಾಳಿಯ ಮೇಲೆ, ನಂತರ ನೀರಿನ ಓಟದ ಮೇಲೆ, ಕೊನೆಗೆ ಹೆಡ್ ಮೇಲೆ. ಗ್ಯಾರೇಜಿನಲ್ಲಿ ಎಷ್ಟೋ ಸಲ ಇದು ಉಲ್ಟಾ ನಡೆಯುತ್ತೆ.

ಮುಳ್ಳು ನಿಜ ಹೇಳ್ತಿದೆಯಾ?

ಹಳೇ ಗಾಡಿಯ ಮೀಟರನ್ನು ಕಣ್ಣುಮುಚ್ಚಿ ನಂಬಬೇಡಿ. ಎಂಜಿನ್ ಬಿಸಿ ಇರುವಾಗ ಹೆಡ್‌ಲೈಟ್ ಹಾಕಿ ನೋಡಿ. ಸ್ವಿಚ್ ಒತ್ತಿದ ಕ್ಷಣಕ್ಕೆ ಮುಳ್ಳು ಜಿಗಿದರೆ ಅದು ವೈರಿಂಗ್ ಅಥವಾ ಅರ್ಥ್ ತೊಂದರೆ. ನೀರಿನ ಬಿಸಿ ಒಂದು ಸೆಕೆಂಡಿನಲ್ಲಿ ಬದಲಾಗಲ್ಲ.

ಖಾತ್ರಿ ಬೇಕಂದ್ರೆ ಗುರಿ ಹಿಡಿದು ಶಾಖ ಅಳೆಯುವ ಇನ್‌ಫ್ರಾರೆಡ್ ಗನ್ ಒಂದು ಇಟ್ಕೊಳ್ಳಿ. ಆನ್‌ಲೈನ್‌ನಲ್ಲಿ ಸಾವಿರ ರೂಪಾಯಿ ಆಸುಪಾಸಿಗೆ ಸಿಗುತ್ತೆ, ಟ್ರ್ಯಾಕ್ಟರಿನ ಬೇರಿಂಗ್‌ಗೂ ಪಂಪ್‌ಸೆಟ್ ಮೋಟರಿಗೂ ಉಪಯೋಗಕ್ಕೆ ಬರುತ್ತೆ. ಒಂದು ಎಚ್ಚರ: ಹೊಳೆಯುವ ಹಿತ್ತಾಳೆ, ಅಲ್ಯೂಮಿನಿಯಂ ಮೇಲೆ ಈ ಗನ್ ಸುಳ್ಳು ಹೇಳುತ್ತೆ, ಇರುವುದಕ್ಕಿಂತ ಕಮ್ಮಿ ತೋರಿಸುತ್ತೆ. ಕಪ್ಪು ಪೇಂಟ್ ಇರುವ ಜಾಗಕ್ಕೆ ಗುರಿ ಇಡಿ, ಇಲ್ಲವಾದರೆ ಒಂದು ಚೂರು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ ಅದರ ಮೇಲೆ ಅಳೆಯಿರಿ. ಥರ್ಮೋಸ್ಟಾಟ್ ಇರುವ ಜಾಗದಲ್ಲಿ 80ರಿಂದ 90 ಡಿಗ್ರಿ ಇದ್ದು ಮುಳ್ಳು ಮಾತ್ರ ಕೆಂಪಿನಲ್ಲಿದ್ದರೆ, ಕಾಯಿಲೆ ಮೀಟರಿಗೆ.

ಇನ್ನೊಂದು ಮಾತು. ಎಂಜಿನ್ ಆಫ್ ಮಾಡಿದ ಮೇಲೆ ಕೆಲವು ನಿಮಿಷ ಬಿಸಿ ಸ್ವಲ್ಪ ಏರೋದು ಸಹಜ. ನೀರಿನ ಓಟ ನಿಂತಿರುತ್ತೆ, ಕಬ್ಬಿಣದ ಶಾಖ ಅಲ್ಲಲ್ಲೇ ನೀರಿಗೆ ಇಳಿಯುತ್ತೆ. ಅದಕ್ಕೆ ಗಾಬರಿ ಬೇಡ.

ಗಾಳಿಯ ಪರೀಕ್ಷೆಗೆ ಒಂದು ಹಾಳೆ ಸಾಕು

ಎಂಜಿನ್ ಬಿಸಿಯಾಗಿ ಸ್ಲೋದಲ್ಲಿ ಓಡ್ತಿರುವಾಗ ಒಂದು ಎ4 ಹಾಳೆಯನ್ನು ರೇಡಿಯೇಟರಿನ ಮುಂಭಾಗಕ್ಕೆ, ಗ್ರಿಲ್ ಕಡೆಯಿಂದ ಹಿಡಿಯಿರಿ. ಫ್ಯಾನ್ ಸರಿಯಾಗಿ ಎಳೀತಿದ್ರೆ ಹಾಳೆ ಜಾಲರಿಗೆ ಅಂಟಿಕೊಂಡು ನಿಲ್ಲುತ್ತೆ. ನಮ್ಮ ಜೀಪಿನಲ್ಲಿ ಹಾಳೆ ಮಧ್ಯದಲ್ಲಿ ಸ್ವಲ್ಪ ಅಂಟಿತು, ಮೂಲೆಗಳಲ್ಲಿ ಜಾರಿ ಕೆಳಗೆ ಬಿತ್ತು. ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ಆಮೇಲೆ ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ ಬೆಲ್ಟ್ ನೋಡಿದೆ. ಎರಡು ಪುಲ್ಲಿಗಳ ನಡುವಿನ ಉದ್ದದ ಭಾಗದಲ್ಲಿ ಹೆಬ್ಬೆರಳಿನಿಂದ ಒತ್ತಿದರೆ 10ರಿಂದ 12 ಮಿ.ಮೀ. ಬಗ್ಗಬೇಕು. ನಮ್ಮದು ಒಂದು ಇಂಚಿಗಿಂತ ಜಾಸ್ತಿ ಬಗ್ಗಿತು. ಬೆಲ್ಟಿನ ಪಕ್ಕೆಗಳು ಗಾಜಿನ ಹಾಗೆ ಹೊಳೀತಿದ್ರೆ ಅದು ಜಾರಿ ಜಾರಿ ಸವೆದಿದೆ ಅಂತ ಲೆಕ್ಕ, ಬಿಗಿ ಮಾಡಿ ಪ್ರಯೋಜನ ಇಲ್ಲ, ಬದಲಾಯಿಸಿ. ಹಳೇ ಜೀಪುಗಳಲ್ಲಿ ಸಾಮಾನ್ಯವಾಗಿ ಫ್ಯಾನ್ ಇರೋದು ವಾಟರ್ ಪಂಪಿನ ಮೂತಿಯಲ್ಲೇ. ಬೆಲ್ಟ್ ಜಾರಿದರೆ ಗಾಳಿ, ನೀರು ಎರಡೂ ಒಟ್ಟಿಗೆ ಕಮ್ಮಿ. (ಪಂಚೆ, ಟವಲ್, ಉದ್ದ ತೋಳಿನ ಶರ್ಟ್ ಹಾಕ್ಕೊಂಡು ಓಡುವ ಬೆಲ್ಟಿನ ಹತ್ತಿರ ಬಗ್ಗಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಮ್ಮಿ.)

ದೊಡ್ಡ ಕಳ್ಳ ಸಿಕ್ಕಿದ್ದು ಫ್ಯಾನ್ ಸುತ್ತ. ರೇಡಿಯೇಟರಿಗೂ ಫ್ಯಾನಿಗೂ ಮಧ್ಯೆ ತಗಡಿನ ಒಂದು ಕವರ್ ಇರಬೇಕು, ಶ್ರೌಡ್ ಅಂತಾರೆ. ಅದು ಇದ್ದರೆ ಫ್ಯಾನ್ ಇಡೀ ಜಾಲರಿಯಿಂದ ಗಾಳಿ ಎಳೆಯುತ್ತೆ. ಇಲ್ಲದಿದ್ದರೆ ರೆಕ್ಕೆಯ ಎದುರಿಗಿರುವ ದುಂಡು ಜಾಗದಿಂದ ಮಾತ್ರ, ಅದರ ಜೊತೆಗೆ ಎಂಜಿನ್ ಕಡೆಯ ಬಿಸಿ ಗಾಳಿಯನ್ನೇ ರೆಕ್ಕೆಯ ತುದಿಯಿಂದ ಸುತ್ತಿ ಮತ್ತೆ ಎಳ್ಕೊಳ್ಳುತ್ತೆ. ಗಾಡಿ ಓಡುವಾಗ ಈ ಕೊರತೆ ಗೊತ್ತಾಗಲ್ಲ, ನಿಂತಾಗಲೇ ಗೊತ್ತಾಗೋದು. ನಮ್ಮ ಜೀಪಿಗೆ ಹಿಂದೆ ಯಾವಾಗಲೋ ರೇಡಿಯೇಟರಿನ ಕೋರ್ ಬದಲಾಯಿಸಿದ್ದರು. ಆ ಕೆಲಸದಲ್ಲಿ ಬಿಚ್ಚಿದ ಕವರ್ ವಾಪಸ್ ಬಂದಿರಲಿಲ್ಲ, ಬೋಲ್ಟಿನ ತೂತುಗಳು ಮಾತ್ರ ಉಳಿದಿದ್ದವು. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಜಿಐ ಶೀಟಿನಿಂದ ಒಂದು ಮಾಡಿಸಿದೆ. ರೆಕ್ಕೆಯ ಅರ್ಧ ಅಗಲ ಕವರಿನ ಒಳಗೆ, ಅರ್ಧ ಹೊರಗೆ, ತುದಿಗೂ ತಗಡಿಗೂ ಸುಮಾರು ಒಂದು ಇಂಚು ಜಾಗ. ಎಂಜಿನ್ ರಬ್ಬರ್ ಮೌಂಟಿನ ಮೇಲೆ ಅಲುಗಾಡುತ್ತೆ, ಅದಕ್ಕಿಂತ ಹತ್ತಿರ ಕೂರಿಸಿದರೆ ರೆಕ್ಕೆ ತಾಗುತ್ತೆ.

ಫ್ಯಾನ್ ಹಿಂದುಮುಂದಾಗಿ ಕೂತಿದೆಯಾ ಅಂತಲೂ ನೋಡಿ. ಬೆಲ್ಟ್ ಫ್ಯಾನನ್ನು ಉಲ್ಟಾ ಕೂರಿಸಿದರೂ ಅದು ಅದೇ ದಿಕ್ಕಿಗೆ ಗಾಳಿ ತಳ್ಳುತ್ತೆ, ಆದರೆ ರೆಕ್ಕೆಯ ಬಾಗು ತಿರುಗಿರೋದರಿಂದ ಗಾಳಿ ಬಹಳ ಕಮ್ಮಿ. ನೋಡಿದವರಿಗೆ ಫ್ಯಾನ್ ಚೆನ್ನಾಗೇ ತಿರುಗ್ತಿದೆ ಅನ್ನಿಸುತ್ತೆ. ಆಮೇಲೆ ಎಲೆಕ್ಟ್ರಿಕ್ ಫ್ಯಾನ್ ಹಾಕಿಸಿಕೊಂಡವರಿಗೆ ಬೇರೆ ತಲೆನೋವು: ಪ್ಲಸ್ ಮೈನಸ್ ಅದಲು ಬದಲಾದರೆ ಗಾಳಿ ಮುಂದಕ್ಕೆ ಹೊಡೆಯುತ್ತೆ, ಓಡುವಾಗ ಎದುರುಗಾಳಿ ಜೊತೆ ಕುಸ್ತಿ. ಅಲ್ಲೂ ಅದೇ ಹಾಳೆಯ ಪರೀಕ್ಷೆ.

ಜಾಲರಿಯ ಸಂದಿಗಳಲ್ಲಿ ಕೆಂಪು ಧೂಳು, ಹುಲ್ಲಿನ ಬೀಜ, ಹುಳ, ಕಾಫಿ ಸಿಪ್ಪೆಯ ಪುಡಿ ಎಲ್ಲ ಸೇರಿ ಗಟ್ಟಿಯಾಗಿರುತ್ತೆ. ನೀರು ಹೊಡೆಯೋದಾದರೆ ಎಂಜಿನ್ ಕಡೆಯಿಂದ ಮುಂದಕ್ಕೆ ಹೊಡೆಯಿರಿ, ಗಾಳಿ ಬರುವ ದಿಕ್ಕಿಗೆ ವಿರುದ್ಧವಾಗಿ. ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ಗನ್ ಹತ್ತಿರ ಹಿಡಿದರೆ ತೆಳು ರೆಕ್ಕೆಗಳು ಮಲಗಿಬಿಡುತ್ತವೆ. ಟ್ರ್ಯಾಕ್ಟರ್ ಇರುವವರಿಗೂ ಇದೇ ಮಾತು, ಒಕ್ಕಣೆ ಸಮಯದಲ್ಲಂತೂ ದಿನಾ ನೋಡಬೇಕು.

ನೀರು ಓಡ್ತಿದೆಯಾ?

ಗಾಳಿ ಸರಿಯಿದ್ದೂ ಬಿಸಿಯಾದರೆ ಗನ್ ಮತ್ತೆ ಕೈಗೆತ್ತಿಕೊಳ್ಳಿ. ರೇಡಿಯೇಟರಿನ ಮೇಲಿನ ಟ್ಯಾಂಕ್, ಕೆಳಗಿನ ಟ್ಯಾಂಕ್ ಎರಡನ್ನೂ ಅಳೆಯಿರಿ. ಎರಡೂ ಹೆಚ್ಚುಕಮ್ಮಿ ಒಂದೇ ಬಿಸಿ ಇದ್ದರೆ ನೀರು ಓಡ್ತಿದೆ, ಆದರೆ ಶಾಖ ಬಿಟ್ಟುಕೊಡ್ತಿಲ್ಲ, ಅಂದ್ರೆ ಗಾಳಿಯ ಕೊರತೆ. ಮೇಲೆ ಕುದಿತ, ಕೆಳಗೆ ಕೈ ಇಡುವಷ್ಟು ತಣ್ಣಗೆ ಇದ್ದರೆ ನೀರು ಬಹಳ ನಿಧಾನ ಓಡ್ತಿದೆ. ಆಗ ಥರ್ಮೋಸ್ಟಾಟ್ ಪೂರ್ತಿ ತೆರೀತಿಲ್ಲ, ಇಲ್ಲ ವಾಟರ್ ಪಂಪಿನ (ನಮ್ಮ ಕಡೆ ಗ್ಯಾರೇಜಿನಲ್ಲಿ ವಾಟರ್ ಬಾಡಿ ಅಂತಾರೆ) ಒಳಗಿನ ಚಕ್ರದ ರೆಕ್ಕೆ ತುಕ್ಕು ತಿಂದು ಸಣ್ಣದಾಗಿದೆ, ಇಲ್ಲ ಒಳಗೆ ಎಲ್ಲೋ ಕಟ್ಟಿಕೊಂಡಿದೆ.

ಇಲ್ಲಿ ಸುಲಭದ ಒಂದು ಪರೀಕ್ಷೆ ಇದೆ. ನಿಂತಲ್ಲೇ ಮುಳ್ಳು ಏರತೊಡಗಿದಾಗ ಆಕ್ಸಿಲರೇಟರ್ ಸ್ವಲ್ಪ ಒತ್ತಿ 1500 ಆರ್‌ಪಿಎಂ ಸುಮಾರಿಗೆ ಎರಡು ಮೂರು ನಿಮಿಷ ಹಿಡಿಯಿರಿ. ಮುಳ್ಳು ಇಳಿದರೆ ಫ್ಯಾನ್ ಮತ್ತು ಪಂಪ್ ಸ್ಲೋದಲ್ಲಿ ಸಾಲ್ತಿಲ್ಲ ಅಂತ. ಇಳಿಯದೆ ಇನ್ನೂ ಏರಿದರೆ ಆಫ್ ಮಾಡಿ, ಬೇರೆ ಕಡೆ ಹುಡುಕಬೇಕು.

ಬ್ಲಾಕಿನ ಪಕ್ಕದಲ್ಲಿ ನೀರು ಬಸಿಯುವ ನಲ್ಲಿ ಅಥವಾ ಪ್ಲಗ್ ಇರುತ್ತೆ. ಎಂಜಿನ್ ತಣ್ಣಗಿರುವಾಗ ಅದನ್ನು ತೆರೆಯಿರಿ. ನೀರು ಬರಲೇ ಇಲ್ಲ ಅಂದ್ರೆ ಒಳಗೆ ಕೆಸರು, ತುಕ್ಕು ತುಂಬಿದೆ. ತಂತಿ ಹಾಕಿ ಕೆದಕಿ, ಹರಿಯುವ ತನಕ ತೊಳೆಯಬೇಕು. ಬಯಲುಸೀಮೆಯ ಬೋರ್‌ವೆಲ್ ನೀರು ಹಾಕಿದ ಗಾಡಿಯಾದರೆ ಬಿಳಿ ಸುಣ್ಣದ ಪದರ ಬೇರೆ. ಡ್ರಿಪ್ ಪೈಪಿನಲ್ಲಿ ಕಟ್ಟಿಕೊಳ್ಳುವ ಅದೇ ಸುಣ್ಣ. ಡಿಸ್ಟಿಲ್ಡ್ ವಾಟರಿಗೆ ಅರ್ಧಕ್ಕರ್ಧ ಕೂಲಂಟ್ ಬೆರೆಸಿ ಹಾಕಿ, ತುಕ್ಕನ್ನೂ ತಡೆಯುತ್ತೆ.

"ಥರ್ಮೋಸ್ಟಾಟ್ ಕಿತ್ತು ಬಿಸಾಕಿ" ಅನ್ನೋ ಸಲಹೆ ಎಲ್ಲ ಕಡೆ ಸಿಗುತ್ತೆ. ನನಗೆ ಒಪ್ಪಿಗೆ ಇಲ್ಲ. ಕೆಲವು ಎಂಜಿನ್‌ಗಳಲ್ಲಿ ಅದು ತೆರೆಯುವಾಗ ಬೈಪಾಸ್ ದಾರಿಯನ್ನೂ ಮುಚ್ಚುತ್ತೆ. ಕಿತ್ತರೆ ಬಿಸಿ ನೀರು ರೇಡಿಯೇಟರಿಗೆ ಹೋಗದೆ ಬೈಪಾಸಿನಲ್ಲೇ ಸುತ್ತುತ್ತೆ, ರೋಗ ಇನ್ನೂ ಜಾಸ್ತಿ. ಅನುಮಾನ ಇದ್ದರೆ ಬಿಚ್ಚಿ ಪಾತ್ರೆಯಲ್ಲಿ ನೀರು ಕಾಯಿಸಿ ಮುಳುಗಿಸಿ ನೋಡಿ, ಅದರ ಮೇಲೆ ಬರೆದಿರುವ ಡಿಗ್ರಿಯ ಆಸುಪಾಸಿನಲ್ಲಿ ಬಾಯಿ ತೆರೆಯಬೇಕು.

ಮಲೆನಾಡಿನವರು ಕ್ಯಾಪ್ ನೋಡಲೇಬೇಕು

ಸಮುದ್ರ ಮಟ್ಟದಿಂದ ಸಾವಿರ ಮೀಟರ್ ಮೇಲಿರುವ ಚಿಕ್ಕಮಗಳೂರು, ಮಡಿಕೇರಿ ಕಡೆ ತೆರೆದ ಪಾತ್ರೆಯ ನೀರು 100ಕ್ಕೆ ಅಲ್ಲ, 96-97 ಡಿಗ್ರಿಗೇ ಕುದಿಯುತ್ತೆ. ರೇಡಿಯೇಟರ್ ಕ್ಯಾಪ್ ಒಳಗೆ ಒತ್ತಡ ಹಿಡಿದಿಡೋದೇ ಇದಕ್ಕೆ. 7 ಪಿಎಸ್‌ಐ ಕ್ಯಾಪ್ ಸರಿಯಿದ್ದರೆ ಕುದಿಯುವ ಬಿಂದು ಸುಮಾರು 11 ಡಿಗ್ರಿ ಮೇಲಕ್ಕೆ ಹೋಗುತ್ತೆ. ರಬ್ಬರ್ ಒಣಗಿ ಬಿರುಕು ಬಿಟ್ಟರೆ ಆ ಲಾಭ ಪೂರ್ತಿ ಸೊನ್ನೆ. ಹಾಗಂತ ಜಾಸ್ತಿ ಪಿಎಸ್‌ಐ ಕ್ಯಾಪ್ ತಂದು ಹಾಕಬೇಡಿ, ಹಳೇ ಹಿತ್ತಾಳೆ ರೇಡಿಯೇಟರಿನ ಬೆಸುಗೆ ಬಿಟ್ಟುಕೊಳ್ಳುತ್ತೆ. ಬಿಸಿ ಇರುವಾಗ ಕ್ಯಾಪ್ ತೆಗೆಯೋದು, ಕುದಿಯುವ ಎಂಜಿನ್‌ಗೆ ತಣ್ಣೀರು ಸುರಿಯೋದು ಎರಡೂ ಬೇಡ. ಮೊದಲನೆಯದಕ್ಕೆ ಮುಖ ಸುಡುತ್ತೆ, ಎರಡನೆಯದಕ್ಕೆ ಹೆಡ್ ಬಿರುಕು ಬಿಡುತ್ತೆ.

ಪೆಟ್ರೋಲ್ ಗಾಡಿ ಇಟ್ಟುಕೊಂಡವರು, ಅಂದರೆ ಹಳೇ ವಿಲ್ಲಿಸ್ ಜೀಪು, ಅಂಬಾಸಿಡರ್, ಪದ್ಮಿನಿ ಇರುವವರು, ಇದರ ಜೊತೆಗೆ ಇಗ್ನಿಷನ್ ಟೈಮಿಂಗ್ ಕೂಡ ನೋಡಿಸಿ. ಕಿಡಿ ತಡವಾಗಿ ಹೊತ್ತಿದರೆ ಇಂಧನ ಉರೀತಾ ಉರೀತಾ ಎಕ್ಸಾಸ್ಟ್ ದಾರಿಗೆ ಹೋಗುತ್ತೆ, ಆ ಶಾಖವೆಲ್ಲ ಹೆಡ್ಡಿನ ನೀರಿಗೆ.

ಹಾಗಾದ್ರೆ ಹೆಡ್ ಯಾವಾಗ ಬಿಚ್ಚಬೇಕು?

ಅದಕ್ಕೂ ಗುರುತುಗಳಿವೆ. ಬೆಳಿಗ್ಗೆ ತಣ್ಣಗಿರುವಾಗ ಕ್ಯಾಪ್ ತೆಗೆದು, ನೀರು ತುಂಬಿಸಿ ಸ್ಟಾರ್ಟ್ ಮಾಡಿ. ಮೊದಮೊದಲು ಒಂದೆರಡು ಗುಳ್ಳೆ ಬಂದು ನಿಂತರೆ ಅದು ಸಿಕ್ಕಿಕೊಂಡಿದ್ದ ಗಾಳಿ. ನಿಲ್ಲದೆ ಬರ್ತಾನೇ ಇದ್ದರೆ, ಕ್ಯಾಪ್ ಹಾಕಿದ ಒಂದೇ ನಿಮಿಷಕ್ಕೆ ನೀರು ಬಿಸಿಯಾಗುವ ಮೊದಲೇ ಮೇಲಿನ ಹೋಸ್ ಕಲ್ಲಿನ ಹಾಗೆ ಗಟ್ಟಿಯಾದರೆ, ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ, ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ, ಹೊರಗೆಲ್ಲೂ ಸೋರದೆ ನೀರು ದಿನಾ ಕಮ್ಮಿಯಾಗ್ತಿದ್ದರೆ, ಆಗ ಗ್ಯಾಸ್ಕೆಟ್ ಅನುಮಾನ ಸರಿ. ಖರ್ಚಿಗೆ ಹೆದರಿ ಮುಂದೂಡಬೇಡಿ, ಓಡಿಸಿದಷ್ಟೂ ಖರ್ಚು ಬೆಳೆಯುತ್ತೆ.

ನಮ್ಮ ಜೀಪಿನಲ್ಲಿ ಇದ್ಯಾವುದೂ ಕಾಣಲಿಲ್ಲ. ಹೊಸ ಬೆಲ್ಟ್, ತಗಡಿನ ಕವರ್, ಹೊಸ ಕ್ಯಾಪ್ ಹಾಕಿ, ಜಾಲರಿ ತೊಳೆದು, ಮಧ್ಯಾಹ್ನದ ಬಿಸಿಲಲ್ಲಿ ಕಣದಲ್ಲೇ ಇಪ್ಪತ್ತು ನಿಮಿಷ ಸ್ಲೋದಲ್ಲಿ ಬಿಟ್ಟೆ. ಮೇಲಿನ ಟ್ಯಾಂಕಿನ ಕಪ್ಪು ಟೇಪಿನ ಮೇಲೆ ಗನ್ ತೋರಿಸಿದ್ದು 84 ಡಿಗ್ರಿ. ಮಾರನೇ ದಿನ ಜೀಪು ಹಣ್ಣು ಹೊರೋಕೆ ಹೋಯ್ತು, ಹೆಡ್ ಬಿಚ್ಚಲೇ ಇಲ್ಲ.