ಹನ್ನೊಂದು ಪುಟಗಳ ತೂಕ

1957ರಲ್ಲಿ ಬ್ರಿಟನ್ನಿನ ವೈದ್ಯಕೀಯ ನಿಯತಕಾಲಿಕವೊಂದರಲ್ಲಿ 11 ಪುಟಗಳ ಪ್ರಬಂಧ ಅಚ್ಚಾಯಿತು. ಬರೆದವರು ಅಮೆರಿಕದ ಹಾರ್ಟ್‌ಫರ್ಡ್ ನಗರದ ನರಶಸ್ತ್ರವೈದ್ಯ ವಿಲಿಯಂ ಸ್ಕೋವಿಲ್ ಮತ್ತು ಕೆನಡಾದ ಮಾಂಟ್ರಿಯಲ್ ನರವಿಜ್ಞಾನ ಸಂಸ್ಥೆಯ ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್. ನೆನಪು ಮಿದುಳಿನಲ್ಲಿ ಹೇಗೆ ನೆಲೆಗೊಳ್ಳುತ್ತದೆ ಎಂದು ಬರೆಯಹೊರಟವರು ಈ ಪ್ರಬಂಧವನ್ನು ಹೆಸರಿಸದೆ ಮುಂದೆ ಹೋಗುವುದು ಅಪರೂಪ. ನರವಿಜ್ಞಾನದಲ್ಲಿ ಅತಿ ಹೆಚ್ಚು ಉಲ್ಲೇಖ ಪಡೆದ ಬರಹಗಳ ಸಾಲಿನಲ್ಲಿ ಅದೂ ಇದೆ. ವಿದ್ವಾಂಸರ ತೂಕವನ್ನು ಉಲ್ಲೇಖಗಳ ಸಂಖ್ಯೆಯಿಂದಲೇ ಅಳೆಯುವ ಈ ಕಾಲದಲ್ಲಿ ಮಿಲ್ನರ್ ಅವರ ವೃತ್ತಿಬದುಕನ್ನು ಹತ್ತಿರದಿಂದ ನೋಡಬೇಕು. ಅವರ ವಿಷಯದಲ್ಲಿ ಸಂಖ್ಯೆ ಸುಳ್ಳು ಹೇಳಿಲ್ಲ. ಆದರೆ ಆ ಸಂಖ್ಯೆಯನ್ನು ಹುಟ್ಟಿಸಿದ್ದು ಯಾವ ಎಣಿಕೆಗೂ ಸಿಗದ ಕೆಲಸ.

1918ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹುಟ್ಟಿದ ಮಿಲ್ನರ್ ಕೇಂಬ್ರಿಜ್‌ಗೆ ಹೋದದ್ದು ಗಣಿತ ಓದಲು. ಅಲ್ಲಿ ಮನೋವಿಜ್ಞಾನದ ಕಡೆ ಹೊರಳಿದರು. 1944ರಲ್ಲಿ ಕೆನಡಾಕ್ಕೆ ಬಂದು, ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಹೆಬ್ ಅವರ ಬಳಿ ಸಂಶೋಧನೆ ಮಾಡಿ 1952ರಲ್ಲಿ ಪಿಎಚ್‌.ಡಿ. ಪಡೆದರು. ಆ ಹೊತ್ತಿಗಾಗಲೇ ಅವರು ನರಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ ಅವರ ಮೂರ್ಛೆರೋಗಿಗಳನ್ನು ಪರೀಕ್ಷಿಸುತ್ತಿದ್ದರು. ಮಿದುಳಿನ ಒಂದೇ ಬದಿಗೆ ಶಸ್ತ್ರಚಿಕಿತ್ಸೆಯಾದ ಇಬ್ಬರು ರೋಗಿಗಳಲ್ಲಿ ಹೊಸ ನೆನಪು ನಿಲ್ಲದಿರುವುದನ್ನು ಮಿಲ್ನರ್ ಮತ್ತು ಪೆನ್‌ಫೀಲ್ಡ್ ಗಮನಿಸಿದರು. ಇನ್ನೊಂದು ಬದಿಯ ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗ ಮೊದಲೇ ಕೆಟ್ಟಿರಬೇಕೆಂದು ಊಹಿಸಿ 1955ರಲ್ಲಿ ಸಭೆಯೊಂದರ ಮುಂದಿಟ್ಟರು. ಆ ವರದಿಯ ಸಾರಾಂಶ ಓದಿದ ಸ್ಕೋವಿಲ್, ಅಂಥದೇ ರೋಗಿ ತಮ್ಮಲ್ಲಿಯೂ ಇದ್ದಾನೆಂದು ತಿಳಿಸಿದರು. ಮಿಲ್ನರ್ ಹಾರ್ಟ್‌ಫರ್ಡ್‌ಗೆ ಹೊರಟರು. ಅಪರೂಪದ ಒಬ್ಬ ರೋಗಿ ಸಿಕ್ಕಿದ್ದೇ ಅವರ ಕೀರ್ತಿಗೆ ಕಾರಣ, ಅದು ಬರೀ ಅದೃಷ್ಟ ಎನ್ನುವವರಿಗೆ ಈ ಇಬ್ಬರು ರೋಗಿಗಳೇ ಉತ್ತರ. ಆ ರೋಗಿ ಸಿಗುವ ಮೊದಲೇ ಅವರಲ್ಲಿ ಪ್ರಶ್ನೆ ಸಿದ್ಧವಾಗಿತ್ತು.

ಆ ರೋಗಿ ಹೆನ್ರಿ ಮೊಲೈಸನ್. ಬದುಕಿದ್ದಷ್ಟು ಕಾಲ ಪ್ರಬಂಧಗಳಲ್ಲಿ ಎಚ್‌.ಎಂ. ಎಂದಷ್ಟೇ ಪರಿಚಿತರಾಗಿದ್ದವರು. ತೀವ್ರ ಮೂರ್ಛೆರೋಗ ತಗ್ಗಿಸಲೆಂದು 1953ರಲ್ಲಿ, 27ರ ವಯಸ್ಸಿನಲ್ಲಿದ್ದ ಮೊಲೈಸನ್ ಅವರ ಮಿದುಳಿನ ಎರಡೂ ಬದಿಯಿಂದ ಸ್ಕೋವಿಲ್ ಹಿಪೊಕ್ಯಾಂಪಸ್‌ನ ಬಹುಭಾಗವನ್ನು ತೆಗೆದಿದ್ದರು. 1955ರ ಏಪ್ರಿಲ್‌ನಲ್ಲಿ ಪರೀಕ್ಷಿಸಿದಾಗ ಇದು 1953ರ ಮಾರ್ಚ್, ತನಗೆ 27 ವರ್ಷ ಎಂದರು. ಬುದ್ಧಿಮತ್ತೆಯ ಅಂಕ ಮಾತ್ರ ಸರಾಸರಿಗಿಂತ ಮೇಲೆ, 112. ಮಿಲ್ನರ್ ಇನ್ನೊಂದು ಪರೀಕ್ಷೆ ಒಡ್ಡಿದರು. ಹಾಳೆಯ ಮೇಲೆ ಜೋಡಿಗೆರೆಯ ನಕ್ಷತ್ರ. ಆ ಎರಡು ಗೆರೆಗಳ ನಡುವೆ ಪೆನ್ಸಿಲ್ ಹಾಯಿಸಬೇಕು, ಆದರೆ ಕೈಯನ್ನಾಗಲಿ ಹಾಳೆಯನ್ನಾಗಲಿ ನೇರವಾಗಿ ನೋಡುವಂತಿಲ್ಲ, ಕನ್ನಡಿಯಲ್ಲಿಯೇ ನೋಡಬೇಕು. ಮೊದಲು ಎಲ್ಲರಂತೆ ಮೊಲೈಸನ್ ಅವರ ಪೆನ್ಸಿಲೂ ಮೂಲೆಗಳಲ್ಲಿ ತಡವರಿಸಿತು. ಮೂರು ದಿನಗಳಲ್ಲಿ ತಪ್ಪುಗಳು ಇಳಿಯುತ್ತಾ ಬಂದು ಗೆರೆ ನೇರವಾಯಿತು. ಅವರಿಗೆ ಮಾತ್ರ ಈ ಕೆಲಸ ಹಿಂದೆ ಮಾಡಿದ್ದೇ ನೆನಪಿಲ್ಲ. ಮನಸ್ಸು ಮರೆತದ್ದನ್ನು ಕೈ ಕಲಿತಿತ್ತು. ನೆನಪು ಒಂದೇ ಬಗೆಯದಲ್ಲ, ಒಂದೊಂದಕ್ಕೂ ಮಿದುಳಿನಲ್ಲಿ ಬೇರೆ ಬೇರೆ ನೆಲೆಯಿದೆ ಎಂಬ ತಿಳಿವಳಿಕೆಗೆ ಆ ನಕ್ಷತ್ರ ಬುನಾದಿಯಾಯಿತು. ನೆನಪು ಮಿದುಳಿನ ತುಂಬೆಲ್ಲ ಹರಡಿದೆ, ಇಲ್ಲೇ ಇದೆ ಎಂದು ತೋರಿಸಲಾಗದು ಎಂಬ ಮನೋವಿಜ್ಞಾನಿ ಕಾರ್ಲ್ ಲ್ಯಾಶ್ಲಿ ಅವರ ಪ್ರಬಲ ಅಭಿಪ್ರಾಯ ಅಲ್ಲಿಂದ ಸಡಿಲಗೊಂಡಿತು.

ಈಗ ಲೆಕ್ಕಕ್ಕೆ ಬರೋಣ. 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಷ್ ಸೂಚಿಸಿದ ಎಚ್-ಇಂಡೆಕ್ಸ್ ಇಂದು ನೇಮಕಾತಿ, ಬಡ್ತಿಗಳಲ್ಲಿ ಎಲ್ಲೆಡೆ ಓಡಾಡುವ ಅಳತೆಗೋಲು. ಒಬ್ಬರ 20 ಪ್ರಬಂಧಗಳು ತಲಾ ಕನಿಷ್ಠ 20 ಉಲ್ಲೇಖ ಪಡೆದಿದ್ದರೆ ಅವರ ಎಚ್-ಇಂಡೆಕ್ಸ್ 20. ಮಿಲ್ನರ್ 1957ರ ಪ್ರಬಂಧವೊಂದನ್ನೇ ಬರೆದು ನಿಲ್ಲಿಸಿದ್ದರೆ, ಅದಕ್ಕೆ ಎಷ್ಟು ಸಾವಿರ ಉಲ್ಲೇಖ ಬಂದರೂ ಅವರ ಎಚ್-ಇಂಡೆಕ್ಸ್ ಒಂದಕ್ಕೆ ನಿಲ್ಲುತ್ತಿತ್ತು! ಬರೀ ಉಲ್ಲೇಖಗಳ ಮೊತ್ತ ನೋಡಿದರೂ ತೊಡಕು ತಪ್ಪದು. ದ್ರಾವಣದಲ್ಲಿರುವ ಪ್ರೋಟೀನ್ ಅಳೆಯುವ ವಿಧಾನ ತಿಳಿಸಿದ 1951ರ ಲೌರಿ ಪ್ರಬಂಧಕ್ಕೆ 3 ಲಕ್ಷಕ್ಕೂ ಹೆಚ್ಚು ಉಲ್ಲೇಖಗಳಿವೆ. ಅದು ಬಹಳ ಉಪಯುಕ್ತ ಕೆಲಸ, ನಿಜ. ಆದರೆ ಪ್ರಯೋಗಾಲಯದ ದಿನನಿತ್ಯದ ಬಳಕೆಯನ್ನೂ ಒಂದು ಶಾಸ್ತ್ರದ ದಿಕ್ಕು ಬದಲಿಸಿದ ವಿಚಾರವನ್ನೂ ಸಂಖ್ಯೆ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಹಿಪೊಕ್ಯಾಂಪಸ್ಸಿಗೂ ನೆನಪಿಗೂ ಇರುವ ನಂಟು ಪಠ್ಯಪುಸ್ತಕ ಸೇರಿದ ಮೇಲೆ ಅದನ್ನು ಹೇಳುವ ಎಷ್ಟೋ ಮಂದಿ ಮೂಲವನ್ನು ಹೆಸರಿಸುವುದಿಲ್ಲ. ವಿಚಾರ ಎಲ್ಲರ ಸ್ವತ್ತಾದಷ್ಟೂ ಅದರ ಉಲ್ಲೇಖ ಕಡಿಮೆಯಾಗಬಹುದು.

ಸಂಖ್ಯೆ ಬೇಡವಾದರೆ ಮತ್ತೇನು, ಶಿಫಾರಸೇ, ವಶೀಲಿಯೇ ಎಂದು ಕೇಳುವವರಿದ್ದಾರೆ. ಈ ಆಕ್ಷೇಪವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ದೊಡ್ಡವರ ಪರಿಚಯವಿಲ್ಲದ ತರುಣ ಸಂಶೋಧಕಿಗೆ ತನ್ನ ಕೆಲಸವನ್ನು ಜಗತ್ತು ಓದಿದೆ ಎನ್ನಲು ಉಲ್ಲೇಖಗಳೇ ಆಸರೆ. ಅದಕ್ಕಾಗಿಯೇ ಸಂಖ್ಯೆಯನ್ನು ಸಾಕ್ಷಿಯಾಗಿ ಕರೆಯಬೇಕು; ತೀರ್ಪು ಕೊಡುವ ಪೀಠದಲ್ಲಿ ಕೂರಿಸಬಾರದು. ಒಂದು ಪ್ರಬಂಧವನ್ನು ಎಷ್ಟು ಜನ ಹೆಸರಿಸಿದರು ಎಂದು ಸಾಕ್ಷಿ ಹೇಳುತ್ತದೆ. ಏಕೆ ಹೆಸರಿಸಿದರು ಎಂದು ತಿಳಿಯಲು ಓದಲೇಬೇಕು. ತನ್ನ ನಷ್ಟದಿಂದ ಇಡೀ ಶಾಸ್ತ್ರಕ್ಕೆ ಬೆಳಕಾದ ಮೊಲೈಸನ್ ಅವರ ಋಣವಂತೂ ಯಾವ ಸೂಚ್ಯಂಕದಲ್ಲಿಯೂ ದಾಖಲಾಗುವುದಿಲ್ಲ.

ನಮ್ಮ ದೇಶದ ಉನ್ನತ ಶಿಕ್ಷಣ ಸಂಸ್ಥೆಗಳ ಎನ್‌ಐಆರ್‌ಎಫ್ ರ‍್ಯಾಂಕಿಂಗ್ ಕೂಡ ಉಲ್ಲೇಖಗಳನ್ನು ಲೆಕ್ಕ ಹಿಡಿಯುತ್ತದೆ. ವಿಶ್ವವಿದ್ಯಾಲಯಗಳ ಆಯ್ಕೆ ಸಮಿತಿಗಳ ಮೇಲೆ ಅಂಕಿಗಳ ಒತ್ತಡ ಹೆಚ್ಚುತ್ತಿದೆ. ಸಮಿತಿಯಲ್ಲಿ ಕೂರುವವರಲ್ಲಿ ಒಂದೇ ವಿನಂತಿ: ಅಭ್ಯರ್ಥಿಯ ಅಂಕಿಗಳ ಪಟ್ಟಿಯ ಜೊತೆಗೆ ಅವರ ಒಂದು ಪ್ರಬಂಧವನ್ನಾದರೂ ಪೂರ್ತಿ ಓದಿ. ಹನ್ನೊಂದು ಪುಟ ಓದಲು ಒಂದು ಗಂಟೆ ಸಾಕು.