ಇದ್ದಿಲಿನಿಂದ ಎಣ್ಣೆ ಬರುವುದೇ?



ಕಾಪುವಿನ ತೋಟಗಳಲ್ಲಿ ತೆಂಗಿನ ಗೆರಟೆ, ಕಾರ್ಕಳದ ಕಡೆ ಗೇರುಬೀಜದ ಸಿಪ್ಪೆ, ಉಡುಪಿಯ ಅಕ್ಕಿ ಗಿರಣಿಗಳಲ್ಲಿ ಉಮಿ: ಇವುಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಇವನ್ನು ಇದ್ದಿಲು ಮಾಡಿ, ಅದರಿಂದ ಪಂಪು ನಡೆಸುವ ಎಣ್ಣೆ ತೆಗೆಯಬಹುದೇ ಎಂದು ನೀವು ಕೇಳಬಹುದು. ತೆಗೆಯಬಹುದು; ಆದರೆ ಮನೆಯಂಗಳದಲ್ಲಲ್ಲ. ಕಾರಣವನ್ನು ತಿಳಿಯೋಣ.

ಗೆರಟೆಯನ್ನು ಗಾಳಿಯಾಡದಂತೆ ಮುಚ್ಚಿ ಕಾಯಿಸಿದರೆ ಮೊದಲು ನೀರಿನ ಆವಿ, ಆಮೇಲೆ ದಟ್ಟ ಹೊಗೆ ಹೊರಡುತ್ತದೆ. ಆ ಹೊಗೆಯನ್ನು ತಣಿಸಿದರೆ ಡಾಂಬರಿನಂಥ ಕಪ್ಪು ದ್ರವ ಸಿಗುತ್ತದೆ. ಕೊನೆಗೆ ಉಳಿಯುವುದು ಇದ್ದಿಲು. 100 ಕಿಲೋ ಗೆರಟೆಗೆ ಸುಮಾರು 30 ಕಿಲೋ. ದ್ರವವಾಗತಕ್ಕ ಭಾಗ ಹೊಗೆಯಲ್ಲೇ ಹೋಗಿರುವುದರಿಂದ ಇದ್ದಿಲನ್ನು ಎಷ್ಟು ಹಿಂಡಿದರೂ ಎಣ್ಣೆ ಬಾರದು. ಗೇರುಸಿಪ್ಪೆಯ ಎಣ್ಣೆಯನ್ನೂ ಸಿಪ್ಪೆ ಸುಟ್ಟು ಇದ್ದಿಲಾಗುವ ಮೊದಲೇ ತೆಗೆಯತಕ್ಕದ್ದು.

ಹಾಗಾದರೆ ದಾರಿ ಯಾವುದು? ಸುಮಾರು 900 ಡಿಗ್ರಿ ಸೆಂಟಿಗ್ರೇಡಿನ ಕೆಂಡದ ಮೇಲೆ ನೀರಿನ ಉಗಿ ಹಾಯಿಸಿದರೆ ಕಾರ್ಬನ್ ಮಾನಾಕ್ಸೈಡ್ ಮತ್ತು ಜಲಜನಕ ಎಂಬ ಅನಿಲಗಳು ಹುಟ್ಟುತ್ತವೆ. ಅವನ್ನು ಶುದ್ಧಿಮಾಡಿ, ಒತ್ತಡ ಕೊಟ್ಟು, ಕಾದ ಕಬ್ಬಿಣ ಅಥವಾ ಕೋಬಾಲ್ಟಿನ ಮೇಲೆ ಹಾಯಿಸಿದರೆ ಡೀಸೆಲಿನಂಥ ದ್ರವವಾಗುತ್ತದೆ. 1920ರ ದಶಕದಲ್ಲಿ ಜರ್ಮನಿಯ ಫಿಶರ್ ಮತ್ತು ಟ್ರಾಪ್ಶ್ ಎಂಬ ವಿಜ್ಞಾನಿಗಳು ಈ ವಿಧಾನವನ್ನು ಕಂಡುಹಿಡಿದರು. ದಕ್ಷಿಣ ಆಫ್ರಿಕದಲ್ಲಿ 1955ರಿಂದ ಕಲ್ಲಿದ್ದಲಿನಿಂದ ಹೀಗೆ ಎಣ್ಣೆ ಮಾಡುತ್ತಾರೆ. ಇದು ದೊಡ್ಡ ಕಾರ್ಖಾನೆಯ ಕೆಲಸ.

ಅನಿಲವನ್ನೇ ಎಂಜಿನಿಗೆ ಕೊಡುವುದು ಇದಕ್ಕಿಂತ ಸುಲಭ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಸೌದೆಯಿಂದ ಅನಿಲ ಮಾಡಿ, ಡೀಸೆಲ್ ಎಂಜಿನಿಗೆ ಸೇರಿಸಿ, ಮನೆಗಳಿಗೆ ವಿದ್ಯುದ್ದೀಪ ಕೊಟ್ಟರು.

ಎಚ್ಚರಿಕೆ: ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಪ್ರಾಣ ತೆಗೆಯುತ್ತದೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಬೇಡಿ. ಇದ್ದಿಲು ಸುಡುವ ಗುಂಡಿಯೊಳಗೆ ಬಗ್ಗಬೇಡಿ.

ಇದ್ದಿಲಿನ ಹತ್ತಿರದ ಲಾಭ ಮಣ್ಣಿನಲ್ಲಿದೆ. ನಮ್ಮ ಜಂಬಿಟ್ಟಿಗೆ ಮಣ್ಣು ಹುಳಿ. ಭಾರಿ ಮಳೆಗೆ ಅದರ ಸಾರ ಕೊಚ್ಚಿಹೋಗುತ್ತದೆ. ನಮ್ಮ ಹಿರಿಯರು ತರಕಾರಿಗೆ ಸುಡುಮಣ್ಣು ಹಾಕುತ್ತಿದ್ದುದನ್ನು ನೀವು ಬಲ್ಲಿರಿ. ಇದ್ದಿಲನ್ನು ಪುಡಿಮಾಡಿ, ಸೆಗಣಿ ನೀರು ಅಥವಾ ಗೋಮೂತ್ರದಲ್ಲಿ ಕೆಲವು ದಿನ ನೆನೆಸಿ, ಗೊಬ್ಬರದೊಡನೆ ಬೆರೆಸಿ ಹಾಕಿರಿ. ಅದು ನೀರನ್ನೂ ಸಾರವನ್ನೂ ಹಿಡಿದಿಡುತ್ತದೆ. ಹಸಿ ಇದ್ದಿಲನ್ನೇ ಹಾಕಿದರೆ ಅದು ಮೊದಲು ಗಿಡದ ಸಾರವನ್ನೇ ಹೀರೀತು. ಮೊದಲು ಒಂದು ಸಾಲಿಗೆ ಹಾಕಿ ನೋಡಿರಿ. ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದವರ ಸಲಹೆ ಕೇಳಿರಿ.

ಇದ್ದಿಲಿನಿಂದ ಎಣ್ಣೆ ತೆಗೆಯುವ ಚಿಕ್ಕ ಯಂತ್ರವಿದೆಯೆಂದು ಯಾರಾದರೂ ಮುಂಗಡ ಕೇಳಿದರೆ, ನಡೆಯುವ ಯಂತ್ರವನ್ನು ಕಣ್ಣಾರೆ ಕಾಣುವ ತನಕ ಹಣ ಕೊಡಬೇಡಿ.